ದೂರವೆಂದರೆ ಯಾವ ದೂರ?

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹ್ಯಾಂಡ್‌ಪೋಸ್ಟ್ ಎಂಬ ಊರೊಂದಿದೆ. ಇಂಗ್ಲಿಷಿನ ಈ ಹಳೆಯ ಮಾತಿಗೆ ದಾರಿಯ ಕವಲಿನಲ್ಲಿ ನೆಟ್ಟ ಕೈಮರವೆಂದು ಅರ್ಥ. ಚಿಕ್ಕಮಗಳೂರಿನ ಕಡೆ ಕೈಮರವೆಂಬ ಅಚ್ಚಗನ್ನಡ ಹೆಸರಿನ ಊರೇ ಉಂಟು. ಮೈಸೂರು ಸೀಮೆಯಲ್ಲಿ ಮಾತ್ರ ಇಂಗ್ಲಿಷು ಮಾತೇ ಜನರ ನಾಲಗೆಯಲ್ಲಿ ನಿಂತುಬಿಟ್ಟಿತು. ಈ ಕೂಡುರಸ್ತೆಯಲ್ಲಿ ಒಂದು ದಾರಿ ಮೈಸೂರಿಗೆ, ಒಂದು ಕೋಟೆಗೆ, ಒಂದು ಸರಗೂರಿಗೆ ಹೋಗುತ್ತದೆ. ಇಲ್ಲಿ ಹೊಸದಾಗಿ ಒಂದು ಕೈಮರವನ್ನು ನೆಟ್ಟು, ಅದಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ತೋರಿಸುವ ಕೈಯೊಂದನ್ನು ಜೋಡಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಆ ಕೈ ಯಾವ ದಿಕ್ಕಿಗೆ ಇರಬೇಕು? ಅದರ ಮೇಲೆ ಎಷ್ಟು ಕಿಲೋಮೀಟರು ಎಂದು ಬರೆಯಬೇಕು?

ನಾವು ಪಾಠ ಹೇಳುವ ತರಗತಿಗಳಲ್ಲಿ ಈ ಪ್ರಶ್ನೆಯನ್ನು ಕೇಳಿ ನೋಡಿದ್ದೇವೆ. ಬಹುಪಾಲು ವಿದ್ಯಾರ್ಥಿಗಳು ಪಶ್ಚಿಮಕ್ಕೆ ಕೈ ತೋರಿಸುತ್ತಾರೆ. ಗೋಡೆಯ ಮೇಲಿನ ಭೂಪಟದಲ್ಲಿ ಅಮೆರಿಕವು ಎಡಗಡೆಯಲ್ಲಿದೆ, ಆದುದರಿಂದ ಅದು ಪಶ್ಚಿಮಕ್ಕಿದೆ ಎಂಬುದು ಅವರ ತರ್ಕ. ಸ್ವಲ್ಪ ಹೆಚ್ಚು ಓದಿದ ಕೆಲವರು ಜಪಾನಿನ ಆಚೆಗಲ್ಲವೆ ಎಂದು ಪೂರ್ವದ ಕಡೆ ತೋರಿಸುವುದುಂಟು. ಉತ್ತರಕ್ಕೆ ಬೆರಳು ಚಾಚಿದ ವಿದ್ಯಾರ್ಥಿ ನಮಗೆ ಈವರೆಗೆ ಸಿಕ್ಕಿಲ್ಲ. ಆದರೆ ಸರಿಯಾದ ಉತ್ತರವು ಅದೇ ಆಗಿದೆ. ಹ್ಯಾಂಡ್‌ಪೋಸ್ಟಿನ ಕೈಮರದ ಆ ಕೈ ಉತ್ತರದಿಂದ ಪೂರ್ವಕ್ಕೆ ಇಪ್ಪತ್ತು ಡಿಗ್ರಿಗಿಂತ ಒಂದಿಷ್ಟು ಕಡಮೆ ವಾಲಿ, ಅಂದರೆ ಕೃಷ್ಣರಾಜನಗರಕ್ಕೂ ಮೈಸೂರಿಗೂ ನಡುವೆ ತೋರಿಸುತ್ತ ನಿಲ್ಲಬೇಕು.

ಇದು ಚಮತ್ಕಾರದ ಮಾತಲ್ಲ, ಲೆಕ್ಕದ ಮಾತು. ಬೆಂಗಳೂರಿನ ವಿಮಾನನಿಲ್ದಾಣವು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ; ಸ್ಯಾನ್ ಫ್ರಾನ್ಸಿಸ್ಕೋದ ನಿಲ್ದಾಣವು 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿ. ವಿದ್ಯಾರ್ಥಿಯು ಗೋಡೆಯ ಭೂಪಟದಲ್ಲಿ ಇವೆರಡರ ನಡುವೆ ಅಡಿಕೋಲನ್ನಿಟ್ಟು ಗೆರೆ ಎಳೆದರೆ ಆ ಗೆರೆ ಆಫ್ರಿಕವನ್ನೂ ಅಟ್ಲಾಂಟಿಕ್ ಸಾಗರವನ್ನೂ ದಾಟಿ ಹೋಗುತ್ತದೆ. ಆ ಭೂಪಟವು ಮರ್ಕೇಟರನ ಕ್ರಮದಲ್ಲಿ ಬರೆದುದಾಗಿದ್ದರೆ, ಆ ಗೆರೆಯನ್ನು ಅನುಸರಿಸಿ ನಿಜವಾಗಿ ಹಾರುವ ವಿಮಾನವು ಸುಮಾರು 20,000 ಕಿ.ಮೀ. ಸಾಗಬೇಕಾದೀತು. ಶಾಂತಸಾಗರವು ನಡುವೆ ಬರುವಂತೆ ಮುದ್ರಿಸಿದ ಪಟದಲ್ಲಿ ಪೂರ್ವದ ಕಡೆಯಿಂದ ಅಂಥದೇ ಗೆರೆ ಎಳೆದರೆ ಸುಮಾರು 16,100 ಕಿ.ಮೀ. ಆಗುತ್ತದೆ. ಗೋಳದ ಮೇಲೆ ಅಳೆದ ಅತ್ಯಂತ ಹತ್ತಿರದ ದಾರಿಯ ಉದ್ದವಾದರೋ ಸುಮಾರು 14,000 ಕಿ.ಮೀ. ಮಾತ್ರ. ಎರಡು ಊರುಗಳು ಅವೇ, ಮೂರು ದೂರಗಳು. ಮೊದಲನೆಯದಕ್ಕೂ ಕೊನೆಯದಕ್ಕೂ ಆರು ಸಾವಿರ ಕಿಲೋಮೀಟರಿನ ಅಂತರ!

ಗೆರಾರ್ಡಸ್ ಮರ್ಕೇಟರನು 1569ರಲ್ಲಿ ತನ್ನ ಭೂಪಟವನ್ನು ರಚಿಸಿದುದು ನಾವಿಕರಿಗಾಗಿ. ದಿಕ್ಸೂಚಿಯ ಮುಳ್ಳಿಗೆ ಒಂದೇ ಕೋನದಲ್ಲಿ ಹಡಗನ್ನು ನಡೆಸಿಕೊಂಡು ಹೋಗುವವನ ದಾರಿ ಆ ಪಟದಲ್ಲಿ ಸರಳರೇಖೆಯಾಗಿ ಕಾಣುತ್ತದೆ. ನಾವಿಕನಿಗೆ ಅದು ದೊಡ್ಡ ಅನುಕೂಲ. ಆದರೆ ಆ ಅನುಕೂಲಕ್ಕಾಗಿ ಧ್ರುವಗಳ ಕಡೆಗೆ ಹೋದಂತೆಲ್ಲ ಪಟವನ್ನು ಹಿಗ್ಗಿಸುತ್ತ ಹೋಗಬೇಕಾಯಿತು. ಆಫ್ರಿಕದ ವಿಸ್ತೀರ್ಣವು ಗ್ರೀನ್‌ಲೆಂಡಿನ ವಿಸ್ತೀರ್ಣಕ್ಕೆ ಹದಿನಾಲ್ಕರಷ್ಟಿದ್ದರೂ ಮರ್ಕೇಟರನ ಪಟದಲ್ಲಿ ಎರಡೂ ಸರಿಸಮನಾಗಿ ಕಾಣುವುದು ಈ ಕಾರಣದಿಂದಲೇ. ಇಂಥ ಪಟದಲ್ಲಿ ಉತ್ತರ ಧ್ರುವವಂತೂ ಇಲ್ಲವೇ ಇಲ್ಲ. ಅದು ಕಾಗದದ ಮೇಲಂಚಿನ ಆಚೆಗೆ ಅನಂತ ದೂರದಲ್ಲಿದೆ. ಧ್ರುವದ ಹತ್ತಿರ ಹಾದುಹೋಗುವ ದಾರಿಯೊಂದು ಇರಬಹುದೆಂದು ಅದನ್ನು ನೋಡುತ್ತ ಬೆಳೆದ ಹುಡುಗನಿಗೆ ಹೊಳೆಯುವುದಾದರೂ ಹೇಗೆ?

ಗೋಳದ ಮೇಲೆ ಎರಡು ಬಿಂದುಗಳ ನಡುವಣ ಅತಿ ಕಡಮೆ ದೂರವು ಮಹಾವೃತ್ತದ ಒಂದು ತುಂಡು. ಗೋಳದ ಕೇಂದ್ರವನ್ನು ಹಾಯುವಂತೆ ಅದನ್ನು ಎರಡು ಸಮಭಾಗವಾಗಿ ಕತ್ತರಿಸಿದರೆ ಅಂಚಿನಲ್ಲಿ ದೊರೆಯುವ ವೃತ್ತವೇ ಮಹಾವೃತ್ತ. ಭೂಮಧ್ಯರೇಖೆಯು ಮಹಾವೃತ್ತ, ರೇಖಾಂಶಗಳೆಲ್ಲ ಮಹಾವೃತ್ತದ ಅರ್ಧಗಳು, ಉಳಿದ ಯಾವ ಅಕ್ಷಾಂಶವೂ ಮಹಾವೃತ್ತವಲ್ಲ. ಈ ನಾಲ್ಕು ವಾಕ್ಯಗಳನ್ನು ವಿದ್ಯಾರ್ಥಿಯು ಬಾಯಿಪಾಠ ಮಾಡಬಲ್ಲನು, ಮಾಡುತ್ತಲೂ ಇದ್ದಾನೆ. ನಮಗೆ ಬೇಕಾದುದು ಅದಲ್ಲ. ಅವನು ಒಂದು ದಾರವನ್ನು ಕೈಗೆತ್ತಿಕೊಳ್ಳಬೇಕು. ಮೂವತ್ತು ಸೆಂಟಿಮೀಟರು ವ್ಯಾಸದ ಗೋಳವಿದ್ದರೆ ಅದರ ಮೇಲೆ ಒಂದು ಸೆಂಟಿಮೀಟರು ಭೂಮಿಯ ಮೇಲಣ ಸುಮಾರು 425 ಕಿ.ಮೀ.ಗೆ ಸಮ. ಬೆಂಗಳೂರಿನ ಮೇಲೆ ದಾರದ ಒಂದು ತುದಿಯನ್ನು ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲೆ ಬಿಗಿಯಾಗಿ ಎಳೆದರೆ ದಾರವು ತಾನಾಗಿಯೇ ಜಾರಿ ಅತಿ ಹತ್ತಿರದ ದಾರಿಯ ಮೇಲೆ ಕುಳಿತುಕೊಳ್ಳುತ್ತದೆ. ಅಳೆದರೆ 33 ಸೆಂಟಿಮೀಟರು. ಅದು ನೇಪಾಳ, ಟಿಬೆಟ್ಟುಗಳನ್ನು ದಾಟಿ, ಸೈಬೀರಿಯದ ಪೂರ್ವಭಾಗದಲ್ಲಿ 71 ಡಿಗ್ರಿ ಅಕ್ಷಾಂಶದವರೆಗೂ ಏರಿ, ಅಲ್ಲಿಂದ ಇಳಿದು, ಉತ್ತರ ವಾಯವ್ಯದ ಕಡೆಯಿಂದ ಸ್ಯಾನ್ ಫ್ರಾನ್ಸಿಸ್ಕೋವನ್ನು ಸೇರುತ್ತದೆ. ಗೋಳವಿಲ್ಲದ ಶಾಲೆಯಲ್ಲಿ ಏನು ಮಾಡುವುದೆಂದು ಕೇಳುವವರಿಗೆ ಚಕ್ಕೋತದ ಹಣ್ಣನ್ನು ತೋರಿಸುತ್ತೇವೆ. ಬೆಂಗಳೂರಿನ ವಿಮಾನನಿಲ್ದಾಣವಿರುವುದು ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿಯಲ್ಲಿಯೇ ಅಲ್ಲವೆ? ಹಣ್ಣು ತೊಟ್ಟಿನ ಕಡೆ ಸ್ವಲ್ಪ ಚೂಪಾಗಿರುವುದು ನಿಜ. ಆದರೆ ಅದು ಮಾಡುವ ತಪ್ಪು ಗೋಡೆಯ ಪಟವು ಮಾಡುವ ತಪ್ಪಿಗಿಂತ ಎಷ್ಟೋ ಪಾಲು ಚಿಕ್ಕದು.

2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದಿಳಿಯಿತು. ಅದರ ಚಾಲಕರು ನಾಲ್ವರೂ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್. ನಾಡಿನ ಪತ್ರಿಕೆಗಳೆಲ್ಲ ಈ ಸಾಹಸವನ್ನು ಕೊಂಡಾಡಿದವು, ಕೊಂಡಾಡಬೇಕಾದುದೇ ಸರಿ. ಆದರೆ ಧ್ರುವದ ಮೇಲಿನ ದಾರಿಯೇ ಅತ್ಯಂತ ಹತ್ತಿರದ ದಾರಿಯೆಂಬ ಮಾತೂ ಆಗ ಬಾಯಿಂದ ಬಾಯಿಗೆ ಹರಡಿತು. ಇದನ್ನು ಹತ್ತನೆಯ ತರಗತಿಯ ಹುಡುಗನು ಕೂಡುವ ಕಳೆಯುವ ಲೆಕ್ಕದಿಂದಲೇ ಪರೀಕ್ಷಿಸಬಹುದು. ಬೆಂಗಳೂರಿನಿಂದ ಧ್ರುವಕ್ಕೆ 90ರಲ್ಲಿ 13.2 ಕಳೆದರೆ 76.8 ಡಿಗ್ರಿ, ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 90ರಲ್ಲಿ 37.6 ಕಳೆದರೆ 52.4 ಡಿಗ್ರಿ. ಒಟ್ಟು 129.2 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ.ನಂತೆ ಇದು ಸುಮಾರು 14,370 ಕಿ.ಮೀ. ಆಗುತ್ತದೆ. ಅತಿ ಹತ್ತಿರದ ದಾರಿಗಿಂತ ಇದು ನಾನೂರು ಕಿಲೋಮೀಟರಿಗೆ ತುಸು ಕಡಮೆಯಷ್ಟು ಹೆಚ್ಚು. ಆದುದರಿಂದ ಧ್ರುವವನ್ನು ಮುಟ್ಟಿ ಬರುವುದು ಅತಿ ಹತ್ತಿರದ ದಾರಿಯಲ್ಲ. ಆದರೆ ನಮ್ಮ ಗೋಳದ ಮೇಲೆ ಎಂಟು ಒಂಬತ್ತು ಮಿಲಿಮೀಟರು ಮಾತ್ರ ಹೆಚ್ಚಾಗುವ ದಾರಿ. ನಿಜ ಸಂಗತಿಯು ಹರಡಿದ ಮಾತಿಗಿಂತ ಹೆಚ್ಚು ಸ್ವಾರಸ್ಯವಾಗಿದೆಯೆಂದು ನಮಗೆ ತೋರುತ್ತದೆ.

ಆ ವಿಮಾನವು ಹಾರಿದ ದೂರವು ಸುಮಾರು 16,000 ಕಿ.ಮೀ. ಎಂದು ವರದಿಯಾಗಿತ್ತು. 14,000 ಸಾಕಾಗಿರುವಲ್ಲಿ 16,000 ಏಕೆ? ದಾರವು ಕಾಣದ ಸಂಗತಿಗಳನ್ನು ಚಾಲಕರು ಕಾಣಬೇಕಾಗುತ್ತದೆ. ಹಾರುತ್ತಿರುವಾಗ ವಿಮಾನದ ಒಳಗಣ ಗಾಳಿಯ ಒತ್ತಡವು ಕುಸಿದರೆ ಉಸಿರಾಡಲು ತಕ್ಕ ಗಾಳಿಯಿರುವ ಸುಮಾರು ಮೂರು ಕಿಲೋಮೀಟರು ಎತ್ತರಕ್ಕೆ ಬೇಗನೆ ಇಳಿಯಬೇಕು. ಕೆಳಗೆ ಹಿಮಾಲಯವೂ ಟಿಬೆಟ್ಟಿನ ಪ್ರಸ್ಥಭೂಮಿಯೂ ಇದ್ದರೆ ಇಳಿಯುವುದೆಲ್ಲಿಗೆ? ಯಾವ ದೇಶದ ಆಕಾಶವು ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನೂ ನೋಡಬೇಕು. ಎರಡು ಎಂಜಿನುಗಳ ವಿಮಾನದಲ್ಲಿ ಒಂದು ಕೆಟ್ಟರೆ ನಿಯಮಿತ ಕಾಲದೊಳಗೆ ಇಳಿಯಲು ಎಲ್ಲಿಯಾದರೂ ಒಂದು ನಿಲ್ದಾಣವು ಇರಲೇಬೇಕು. ಚಳಿಯ ಮಾತು ಬೇರೆ: ವಿಮಾನಗಳಲ್ಲಿ ಬಳಸುವ ಜೆಟ್ ಎ ಇಂಧನದ ಹೆಪ್ಪುಗಟ್ಟುವ ಮಿತಿಯು ಸೊನ್ನೆಗಿಂತ 40 ಡಿಗ್ರಿ ಕೆಳಗೆ, ಜೆಟ್ ಎ-1ರದು 47 ಡಿಗ್ರಿ ಕೆಳಗೆ. ಮೇಲಣ ಗಾಳಿ ಇದಕ್ಕಿಂತಲೂ ತಣ್ಣಗಿರುವುದುಂಟು. ಧ್ರುವದ ಹತ್ತಿರ ಕಾಂತದ ದಿಕ್ಸೂಚಿಯನ್ನು ನಂಬುವಂತಿಲ್ಲ. ದಿಕ್ಕು ಎಂಬ ಮಾತೇ ಅಲ್ಲಿ ವಿಚಿತ್ರವಾಗುತ್ತದೆ: ಒಂದಿಷ್ಟೂ ತಿರುಗದೆ ನೆಟ್ಟಗೆ ಹಾರುತ್ತಿರುವ ವಿಮಾನವು ಒಂದು ಕ್ಷಣದ ಹಿಂದೆ ಉತ್ತರಕ್ಕೆ ಹೋಗುತ್ತಿತ್ತು, ಈಗ ದಕ್ಷಿಣಕ್ಕೆ ಹೋಗುತ್ತಿದೆ!

ಇಂಥ ದಾರಿ ನಿನ್ನೆ ಮೊನ್ನೆಯದಲ್ಲ. 1937ರ ಜೂನಿನಲ್ಲಿ ವಲೇರಿ ಚ್ಕಾಲೋವ್ ಮತ್ತು ಆತನ ಇಬ್ಬರು ಸಂಗಡಿಗರು ಮಾಸ್ಕೋದಿಂದ ಧ್ರುವದ ಮೇಲಾಗಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರಿಗೆ ಸುಮಾರು 63 ಗಂಟೆಗಳ ಕಾಲ ಎಲ್ಲಿಯೂ ಇಳಿಯದೆ ಹಾರಿದರು. 1957ರಲ್ಲಿ ಸ್ಕ್ಯಾಂಡಿನೇವಿಯದ ವಿಮಾನಸಂಸ್ಥೆಯು ಕೋಪನ್‌ಹೇಗನ್ನಿನಿಂದ ಅಲಾಸ್ಕದ ಆಂಕರೇಜ್ ಮೂಲಕ ಟೋಕಿಯೋಗೆ ಪ್ರಯಾಣಿಕರನ್ನು ಧ್ರುವಮಾರ್ಗದಲ್ಲಿ ಕರೆದೊಯ್ಯತೊಡಗಿತು.

ಧ್ರುವದ ಸುತ್ತಲಿನ ಊರುಗಳಿಂದ ಇನ್ನೊಂದು ಪಾಠವನ್ನೂ ಕಲಿಯಬಹುದು. ಸ್ವಾಲ್‌ಬಾರ್ಡ್ ದ್ವೀಪದ ಲಾಂಗ್‌ಯೀರ್‌ಬಿಯೆನ್ 78 ಡಿಗ್ರಿ ಅಕ್ಷಾಂಶದಲ್ಲಿದೆ. ಅಲಾಸ್ಕದ ಉಟ್ಕಿಯಾಗ್‌ವಿಕ್ 71 ಡಿಗ್ರಿಯಲ್ಲಿ, ಧ್ರುವದ ಹೆಚ್ಚುಕಡಮೆ ಎದುರು ಮಗ್ಗುಲಲ್ಲಿ. ಎರಡರಲ್ಲಿಯೂ ವಿಮಾನನಿಲ್ದಾಣಗಳುಂಟು. ಅವುಗಳ ನಡುವಣ ದೂರವು ಸುಮಾರು 3,380 ಕಿ.ಮೀ.; ಜೆಟ್ ವಿಮಾನಕ್ಕೆ ನಾಲ್ಕು ಗಂಟೆಯ ದಾರಿ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದ ಸಾಮಾನ್ಯ ಪ್ರಯಾಣಿಕನು ದಕ್ಷಿಣಕ್ಕೆ ನಾರ್ವೆಗೆ ಇಳಿದು, ಅಲ್ಲಿಂದ ಅಟ್ಲಾಂಟಿಕ್ಕನ್ನು ದಾಟಿ ಅಮೆರಿಕವನ್ನು ಸೇರಿ, ವಿಮಾನದಿಂದ ವಿಮಾನಕ್ಕೆ ಹತ್ತಿಳಿಯುತ್ತ ಮತ್ತೆ ಉತ್ತರಕ್ಕೆ ಏರಬೇಕು. ನಾಲ್ಕು ಗಂಟೆಯ ದಾರಿ ದಿನಗಳ ದಾರಿಯಾಗುತ್ತದೆ.

ಇದಕ್ಕಾಗಿ ಧ್ರುವದವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ರಾಜ್ಯದ ಉತ್ತರದ ತುದಿಯಲ್ಲಿ ಎರಡು ವಿಮಾನನಿಲ್ದಾಣಗಳಿವೆ. ಕಲಬುರಗಿಯದು 2019ರ ನವೆಂಬರಿನಲ್ಲಿಯೂ ಬೀದರಿನದು 2020ರ ಫೆಬ್ರವರಿಯಲ್ಲಿಯೂ ನಾಗರಿಕ ಪ್ರಯಾಣಕ್ಕೆ ತೆರೆದವು. ಇವುಗಳ ಅಕ್ಷಾಂಶದ ಅಂತರ 0.6 ಡಿಗ್ರಿ, ರೇಖಾಂಶದ ಅಂತರ 0.53 ಡಿಗ್ರಿ. ಇಷ್ಟು ಚಿಕ್ಕ ಜಾಗದಲ್ಲಿ ಭೂಮಿಯನ್ನು ಸಮತಟ್ಟೆಂದೇ ಭಾವಿಸಬಹುದು. ಉತ್ತರ ದಕ್ಷಿಣವಾಗಿ 67 ಕಿ.ಮೀ.; ಪೂರ್ವ ಪಶ್ಚಿಮವಾಗಿ, ರೇಖಾಂಶದ ಅಂತರವನ್ನು ಅಕ್ಷಾಂಶದ ಕೊಸೈನಿನಿಂದ ಗುಣಿಸಿದ ಮೇಲೆ, 56 ಕಿ.ಮೀ. ಪೈಥಾಗೊರಸನ ಪ್ರಮೇಯದಂತೆ ನಡುವಣ ದೂರ 87 ಕಿ.ಮೀ. ವಿಮಾನಗಳ ಮಟ್ಟಿಗೆ ಇದು ಕೂಗಳತೆಯ ದೂರ. ಗಂಟೆಗೆ 900 ಕಿ.ಮೀ. ವೇಗವೆಂದು ಹಿಡಿದರೆ ಆರು ನಿಮಿಷವೂ ಬೇಡ. ಆದರೆ ಪಯಣದ ಎತ್ತರಕ್ಕೆ ಏರುವುದಕ್ಕೇ ಜೆಟ್ ವಿಮಾನಕ್ಕೆ ಇಪ್ಪತ್ತು ನಿಮಿಷದಷ್ಟು ಬೇಕು. ಏರಿ ಮುಗಿಯುವ ಮೊದಲೇ ಊರು ಹಿಂದಾಗಿರುತ್ತದೆ. ಒಬ್ಬನು ಹಟ ಹಿಡಿದು ಬೀದರಿನಿಂದ ಬೆಂಗಳೂರಿಗೆ ಹಾರಿ, ಬೆಂಗಳೂರಿನಿಂದ ಕಲಬುರಗಿಗೆ ಹಾರಿದನೆನ್ನೋಣ. ಹೋಗುವಾಗ ಸುಮಾರು 524, ಬರುವಾಗ ಸುಮಾರು 464, ಒಟ್ಟು ಸುಮಾರು 990 ಕಿ.ಮೀ. ಹಾರಿ ಅವನು 87 ಕಿ.ಮೀ. ದೂರದ ಊರನ್ನು ಸೇರುತ್ತಾನೆ. ಅಷ್ಟು ಹೊತ್ತಿಗೆ ಬಸ್ಸಿನಲ್ಲಿ ಹೊರಟವನು ಊಟ ಮುಗಿಸಿ ಮಲಗಿರುತ್ತಾನೆ. ದೂರವನ್ನು ವೇಗದಿಂದ ಭಾಗಿಸಿದರೆ ಕಾಲವೆಂದು ನಾವು ಪಾಠಶಾಲೆಯಲ್ಲಿ ಹೇಳಿಕೊಡುತ್ತೇವೆ. ಯಾವ ದೂರ, ಯಾವ ವೇಗ ಎಂದು ಕೇಳುವುದನ್ನು ಮಾತ್ರ ಹೇಳಿಕೊಡುವುದಿಲ್ಲ.

ಕಾಲದ ವಿಷಯದಲ್ಲಿ ಗೊಂದಲವು ಇನ್ನೂ ಹೆಚ್ಚು. ಮೇಲೆ ಹೇಳಿದ ವಿಮಾನವು ವೇಳಾಪಟ್ಟಿಯಂತೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಜನವರಿ 9ರ ರಾತ್ರಿ 8-30ಕ್ಕೆ ಹೊರಟು, ಬೆಂಗಳೂರಿಗೆ 11ರ ಬೆಳಗಿನ ಜಾವ 3-45ಕ್ಕೆ ಬರಬೇಕಾಗಿತ್ತು. ಗಡಿಯಾರವನ್ನು ಮಾತ್ರ ನೋಡುವವನು 31 ಗಂಟೆ 15 ನಿಮಿಷವೆನ್ನುತ್ತಾನೆ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಅದನ್ನು ಕಳೆದರೆ ನಿಜವಾದ ಕಾಲವು 17 ಗಂಟೆ 45 ನಿಮಿಷ. ಇನ್ನು ಬೆಂಗಳೂರಿನಿಂದ ಮಧ್ಯಾಹ್ನ 2-30ಕ್ಕೆ ಹೊರಟ ವಿಮಾನವೊಂದು ಹದಿನಾರು ಗಂಟೆ ಹಾರಿತೆಂದಿಟ್ಟುಕೊಳ್ಳಿ. ಅದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುವುದು ಅದೇ ದಿನ ಸಂಜೆ 5 ಗಂಟೆಗೆ. ಗಡಿಯಾರದ ಮಾತು ಕೇಳಿದರೆ ಎರಡೂವರೆ ಗಂಟೆಯ ಪ್ರಯಾಣ! ಕ್ಯಾಲಿಫೋರ್ನಿಯದಲ್ಲಿ ಕನ್ನಡದ ಕುಟುಂಬಗಳು ಸಾವಿರಾರು ಇವೆ, ಕನ್ನಡ ಕೂಟವೇ ಇದೆ. ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಅಲ್ಲಿಗೆ ಹೋದ ಅಣ್ಣನೋ ಅಕ್ಕನೋ ಇರುವಾಗ ಇದು ಪುಸ್ತಕದ ಲೆಕ್ಕವಾಗಿ ಉಳಿದಿಲ್ಲ.

ಹೋಗುವುದಕ್ಕೂ ಬರುವುದಕ್ಕೂ ಕಾಲ ಬೇರೆ ಬೇರೆಯಾಗುವುದು ಏಕೆ ಎಂದು ಕೇಳಿದರೆ ಭೂಮಿ ತಿರುಗುವುದರಿಂದ ಎಂಬ ಉತ್ತರ ಥಟ್ಟನೆ ಬರುತ್ತದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿರುವಾಗ ವಿಮಾನವು ಮೇಲೇರಿ ಸುಮ್ಮನೆ ನಿಂತರೂ ಅಮೆರಿಕವು ಕೆಳಗೆ ಬಂದು ನಿಲ್ಲಬೇಕಲ್ಲವೆ ಎಂದು ಕೇಳುವ ಪದವಿ ತರಗತಿಯ ವಿದ್ಯಾರ್ಥಿಗಳೂ ಇದ್ದಾರೆ. ಪ್ರಶ್ನೆಯನ್ನು ಹಳಿಯಬೇಕಾದುದಿಲ್ಲ, ಅದು ಬಹಳ ಹಳೆಯ ಪ್ರಶ್ನೆ. ಭೂಮಿಯೇ ತಿರುಗುತ್ತದೆಯೆಂದು ಆರ್ಯಭಟನು 499ರ ಸುಮಾರಿಗೆ ಹೇಳಿ, ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ವಸ್ತುಗಳು ಹಿಂದಕ್ಕೆ ಓಡುವಂತೆ ಕಾಣುವ ಉಪಮಾನವನ್ನು ಕೊಟ್ಟನು. ಆರನೆಯ ಶತಮಾನದ ವರಾಹಮಿಹಿರನು, ಹಾಗೆ ತಿರುಗುವುದಾದರೆ ಆಕಾಶಕ್ಕೆ ಹಾರಿದ ಹಕ್ಕಿಗಳು ತಮ್ಮ ಗೂಡಿಗೆ ಹೇಗೆ ಮರಳುತ್ತವೆ ಎಂದು ಆಕ್ಷೇಪಿಸಿದನು. ಹ್ಯಾಂಡ್‌ಪೋಸ್ಟಿನ ಅಕ್ಷಾಂಶದಲ್ಲಿ ನೆಲವು ಸೆಕೆಂಡಿಗೆ ಸುಮಾರು 450 ಮೀಟರು ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ವರಾಹಮಿಹಿರನ ಶಂಕೆ ನಿಜವಾಗಿದ್ದರೆ ಬಸ್ಸು ನಿಲ್ದಾಣದಲ್ಲಿ ಒಂದು ಸೆಕೆಂಡು ಮೇಲಕ್ಕೆ ನೆಗೆದವನು ಅರ್ಧ ಕಿಲೋಮೀಟರಿನಷ್ಟು ಪಶ್ಚಿಮದ ಹೊಲದಲ್ಲಿ ಬೀಳಬೇಕಾಗಿತ್ತು! ಬೀಳುವುದಿಲ್ಲ, ನೆಗೆಯುವ ಮೊದಲೇ ಅವನಿಗೂ ಆ ವೇಗವಿರುತ್ತದೆ, ಸುತ್ತಣ ಗಾಳಿಗೂ ಇರುತ್ತದೆ. ಓಡುವ ಬಸ್ಸಿನಲ್ಲಿ ಮೇಲಕ್ಕೆ ಚಿಮ್ಮಿದ ನಾಣ್ಯವು ಕೈಗೇ ಮರಳುವುದೂ ಈ ಜಡತ್ವದಿಂದಲೇ.

ವ್ಯತ್ಯಾಸವನ್ನು ಉಂಟುಮಾಡುವುದು ಗಾಳಿ. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ವಾಯುಪ್ರವಾಹಗಳಿವೆ. ಗಂಟೆಗೆ 100, 200 ಕಿ.ಮೀ. ಸಾಮಾನ್ಯ, 300 ಮೀರುವುದೂ ಉಂಟು. ಜಪಾನಿನ ವಾಸಾಬುರೋ ಓಇಶಿ ಎಂಬ ಪವನವಿಜ್ಞಾನಿಯು ಬೆಲೂನುಗಳನ್ನು ಹಾರಿಬಿಟ್ಟು 1920ರ ದಶಕದಲ್ಲಿಯೇ ಇವನ್ನು ಗುರುತಿಸಿ, ಲೋಕಕ್ಕೆಲ್ಲ ತಿಳಿಯಲೆಂದು ತನ್ನ ವರದಿಯನ್ನು ಎಸ್ಪೆರಾಂಟೋ ಭಾಷೆಯಲ್ಲಿ ಪ್ರಕಟಿಸಿದನು. ಪಾಪ, ಆ ಭಾಷೆಯನ್ನು ಓದಬಲ್ಲವರು ಕಡಮೆಯಾದುದರಿಂದ ಅದನ್ನು ಹೊರಗೆ ಹೆಚ್ಚು ಮಂದಿ ಗಮನಿಸಲಿಲ್ಲ. ಹೋಗುವಾಗ ಹಿಂದಿನಿಂದ ತಳ್ಳಿದ ಗಾಳಿಯು ಬರುವಾಗ ಎದುರು ನಿಂತರೆ ಲಾಭನಷ್ಟ ಸರಿಹೋಗುತ್ತದೆಂದು ವಿದ್ಯಾರ್ಥಿಗಳು ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡಲಿ. 9,000 ಕಿ.ಮೀ. ದೂರ, 900 ಕಿ.ಮೀ. ವೇಗ, ಗಾಳಿಯಿಲ್ಲದಿದ್ದರೆ ಹೋಗಿ ಬರಲು 20 ಗಂಟೆ. 100 ಕಿ.ಮೀ. ಗಾಳಿಯಿದ್ದರೆ ಹೋಗಲು 9 ಗಂಟೆ, ಬರಲು 11 ಗಂಟೆ 15 ನಿಮಿಷ. ಕಾಲು ಗಂಟೆ ನಷ್ಟವೇ. ಎದುರುಗಾಳಿಯಲ್ಲಿ ವಿಮಾನವು ಹೆಚ್ಚು ಹೊತ್ತು ಇರುವುದರಿಂದ ಗಾಳಿ ಕೊಟ್ಟುದಕ್ಕಿಂತ ಕಸಿದುದೇ ಹೆಚ್ಚು.

ಇಷ್ಟನ್ನೂ ನಮ್ಮ ಹುಡುಗರು ಬಿಡಿಬಿಡಿಯಾಗಿ ಕಲಿಯುತ್ತಿದ್ದಾರೆ. ಅಕ್ಷಾಂಶ ರೇಖಾಂಶಗಳು ಸಮಾಜ ವಿಜ್ಞಾನದ ಪಾಲು. ವೃತ್ತ, ಕೊಸೈನು ಗಣಿತದ ಪಾಲು. ಜಡತ್ವ, ಸಾಪೇಕ್ಷ ವೇಗಗಳು ಭೌತವಿಜ್ಞಾನದವು. ಒಂದು ಪೀರಿಯಡಿನ ಗಂಟೆ ಬಾರಿಸಿದೊಡನೆ ಹಿಂದಿನದನ್ನು ಮಡಿಚಿಡುತ್ತಾರೆ. ನಾವು ಕಂಡ ಪ್ರೌಢಶಾಲೆಯೊಂದರಲ್ಲಿ ಒಳ್ಳೆಯ ಗೋಳವೊಂದಿತ್ತು. ಮಕ್ಕಳು ಮುಟ್ಟಿದರೆ ಹಾಳಾಗುವುದೆಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಕೂಡ ತೆಗೆದಿರಲಿಲ್ಲ. ಗೋಡೆಯ ಮೇಲಣ ಪಟವು ಮಾತ್ರ ವರ್ಷವಿಡೀ ಮಕ್ಕಳ ಕಣ್ಣೆದುರಿಗೆ ಇತ್ತು. ಹಾಳಾಗುವ ಗೋಳದ ಬೆಲೆ ಕೆಲವು ನೂರು ರೂಪಾಯಿ. ಭೂಮಿ ದುಂಡಗಿದೆಯೆಂದು ಪರೀಕ್ಷೆಯಲ್ಲಿ ಬರೆದು, ಮನಸ್ಸಿನಲ್ಲಿ ಅದನ್ನು ಚಪ್ಪಟೆಯಾಗಿಯೇ ಇಟ್ಟುಕೊಂಡು ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಉಪಗ್ರಹದ ಕಕ್ಷೆಯನ್ನು ಕಲಿಸುವ ಹೊತ್ತಿಗೆ ಆ ಉಳಿತಾಯದ ನಿಜವಾದ ಬೆಲೆ ಏನೆಂಬುದು ನಮ್ಮಂಥವರ ಅನುಭವಕ್ಕೆ ಬರುತ್ತದೆ.

ಗೋಳದ ತ್ರಿಕೋಣಮಿತಿಯು ಪ್ರೌಢಶಾಲೆಗೆ ಕಠಿಣವೆಂದು ಮಿತ್ರರು ಆಕ್ಷೇಪಿಸಿದ್ದಾರೆ. ಕಠಿಣವೇ ಸರಿ. ಸೂತ್ರವನ್ನು ಪದವಿಪೂರ್ವ ತರಗತಿಗೆ ಬಿಡೋಣ. ದಾರವು ಯಾರಿಗೂ ಕಠಿಣವಲ್ಲ. ಪರೀಕ್ಷೆಯಲ್ಲಿ ಕೇಳದುದನ್ನು ಮಕ್ಕಳು ಕಲಿಯುವುದಿಲ್ಲವೆಂಬುದು ಎರಡನೆಯ ಆಕ್ಷೇಪಣೆ. ಹಾಗಾದರೆ ಪರೀಕ್ಷೆಯಲ್ಲಿಯೇ ಕೇಳಲಿ. ಎರಡು ನಿಜವಾದ ಊರುಗಳ ಹೆಸರು, ಅವುಗಳ ಅಕ್ಷಾಂಶ ರೇಖಾಂಶ, ಅಲ್ಲಲ್ಲಿಯ ಗಡಿಯಾರದ ವೇಳೆ ಇವನ್ನು ಕೊಟ್ಟು, ದಿಕ್ಕನ್ನೂ ದೂರವನ್ನೂ ಹಾರಾಟದ ಕಾಲವನ್ನೂ ಅಂದಾಜು ಮಾಡಿ ಎಂದು ವರ್ಷಕ್ಕೊಂದು ಪ್ರಶ್ನೆ ಬಂದರೆ ಬೀರುವಿನ ಬೀಗ ತಾನಾಗಿಯೇ ತೆಗೆಯುತ್ತದೆ. ಅದೇ ಪ್ರಶ್ನೆಯಲ್ಲಿ ಮನೆಯಿಂದ ನಿಲ್ದಾಣಕ್ಕೆ ಹೋಗುವ ಕಾಲವನ್ನೂ ಸೇರಿಸಬೇಕೆಂದು ನಾವು ಬಯಸುತ್ತೇವೆ. ಹ್ಯಾಂಡ್‌ಪೋಸ್ಟಿನಿಂದ ಮೈಸೂರು, ಬೆಂಗಳೂರುಗಳ ಮೂಲಕ ದೇವನಹಳ್ಳಿಯ ನಿಲ್ದಾಣಕ್ಕೆ ಸುಮಾರು 230 ಕಿ.ಮೀ.; ಇಡೀ ದಾರಿಯ ನೂರರಲ್ಲಿ ಎರಡು ಪಾಲೂ ಅಲ್ಲ. ಬಸ್ಸು ಬದಲಾಯಿಸುತ್ತ ಹೋಗುವವನಿಗೆ ಅದಕ್ಕೆ ಆರು ಗಂಟೆಯಾದರೂ ಹಿಡಿಯುತ್ತದೆ.

ವಾಚಕರಲ್ಲಿ ಗೋಳವಿರುವವರು, ಇಲ್ಲವೆ ಚಕ್ಕೋತವಿರುವವರು, ಈ ಸಂಜೆಯೇ ಒಂದು ಪ್ರಯೋಗ ಮಾಡಬಹುದು. ಆಸ್ಟ್ರೇಲಿಯದ ಸಿಡ್ನಿಯೂ ದಕ್ಷಿಣ ಅಮೆರಿಕದ ಸಾಂಟಿಯಾಗೋ ನಗರವೂ ಹೆಚ್ಚುಕಡಮೆ ಒಂದೇ ಅಕ್ಷಾಂಶದಲ್ಲಿ, ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ 34 ಡಿಗ್ರಿಯ ಆಸುಪಾಸಿನಲ್ಲಿವೆ. ರೇಖಾಂಶದ ಅಂತರ 138 ಡಿಗ್ರಿ. ಎರಡರ ನಡುವೆ ದಾರವನ್ನು ಬಿಗಿದು, ಅದು ದಕ್ಷಿಣಕ್ಕೆ ಎಷ್ಟು ಡಿಗ್ರಿಯವರೆಗೆ ಇಳಿಯುತ್ತದೆಂದು ನೋಡಿ. 61 ಡಿಗ್ರಿಯನ್ನು ದಾಟಿದ್ದರೆ ದಾರವನ್ನು ಬಿಗಿದುದು ಸರಿಯಾಗಿದೆ.